ಸ್ಕೀ ಮೇಲಿನ ‘ಆರ್ 13’ ನೋಡಿ ಅದು ಹೇಗೆ ತಿರುಗುತ್ತದೆಂದು ಹೇಳಬಹುದೆ?

ಪ್ರಶ್ನೆ: ಫೆಬ್ರುವರಿಯಲ್ಲಿ ಗೆಳೆಯರ ಜೊತೆ ಗುಲ್ಮಾರ್ಗ್‌ಗೆ ಹೊರಟಿದ್ದೇನೆ. ಅಲ್ಲಿ ಕಾರ್ವಿಂಗ್ ಸ್ಕೀ, ಅಂದರೆ ಅಂಚಿನಿಂದ ಹಿಮ ಕೊರೆದು ತಿರುಗುವ ಸ್ಕೀ, ಬಾಡಿಗೆಗೆ ತೆಗೆದುಕೊಳ್ಳುವ ಆಸೆ. ಚಿತ್ರದಲ್ಲಿ ನೋಡಿದ ಒಂದು ಸ್ಕೀ ಮೇಲೆ ‘121–68–103, ಆರ್ 13’ ಎಂದು ಬರೆದಿತ್ತು. ಈ ಅಂಕಿಗಳನ್ನು ನಂಬಿ ಆರಿಸಿಕೊಳ್ಳಬಹುದೆ?
— ಓದುಗರು, ಕುವೆಂಪುನಗರ, ಮೈಸೂರು

ಅರ್ಧ ನಂಬಬಹುದು. ಆ ಅಂಕಿಗಳು ಸ್ಕೀಯ ಆಕಾರವನ್ನು ಹೇಳುತ್ತವೆ, ಅದರ ಬಿಗಿಯನ್ನು, ಅಂದರೆ ಅದು ಎಷ್ಟು ಗಡಸು ಎಂಬುದನ್ನು, ಹೇಳುವುದಿಲ್ಲ. ಹಿಮದ ಮೇಲೆ ಎರಡೂ ಸೇರಿಯೇ ತಿರುವು ಹುಟ್ಟುವುದು.

ಮೊದಲು ಆಕಾರ. ಮೂರು ಅಂಕಿಗಳು ಮುಂತುದಿ, ನಡು, ಹಿಂತುದಿಗಳ ಅಗಲ, ಮಿಲಿಮೀಟರಿನಲ್ಲಿ. ತುದಿಗಳೆರಡನ್ನೂ ಕೂಡಿಸಿ, ನಡುವಿನ ಎರಡರಷ್ಟನ್ನು ಕಳೆದು, 4ರಿಂದ ಭಾಗಿಸಿ: 22 ಮಿ.ಮೀ. ಅಂದರೆ ಪಕ್ಕದ ಅಂಚು ನಡುವಿನಲ್ಲಿ ಅಷ್ಟು ಒಳಗೆ ಬಾಗಿದೆ. ಹಿಮಕ್ಕೆ ತಾಗುವ ಉದ್ದ 1.5 ಮೀಟರ್ ಎಂದಿಟ್ಟುಕೊಳ್ಳಿ. ಆ ಉದ್ದದ ವರ್ಗವನ್ನು ಬಾಗಿನ ಎಂಟರಷ್ಟರಿಂದ ಭಾಗಿಸಿದರೆ 2.25 ÷ 0.176, ಹೆಚ್ಚುಕಡಿಮೆ 13 ಮೀಟರ್. ಅದೇ ‘ಆರ್’, ಅಂಚಿನ ಕಮಾನು ಯಾವ ವೃತ್ತದ ತುಂಡೋ ಅದರ ತ್ರಿಜ್ಯ. ಮಹಾರಾಜ ಕಾಲೇಜು ಮೈದಾನದಲ್ಲಿ ಒಬ್ಬರನ್ನು ನಿಲ್ಲಿಸಿ, 13 ಮೀಟರ್ ಹಗ್ಗದ ಇನ್ನೊಂದು ತುದಿ ಹಿಡಿದು ಸುತ್ತು ಹಾಕಿದರೆ ಆ ವೃತ್ತ ಎಷ್ಟು ದೊಡ್ಡದೆಂದು ಕಾಲಿಗೇ ತಿಳಿಯುತ್ತದೆ.

ಆದರೆ ಸ್ಕೀ ಆ ವೃತ್ತದಲ್ಲೇ ಓಡುವುದಿಲ್ಲ. ಒಂದು ಹಳೆಯ ಲಗ್ನಪತ್ರಿಕೆಯ ದಪ್ಪ ಕಾಗದದಿಂದ ಉದ್ದನೆಯ ಪಟ್ಟಿ ಕತ್ತರಿಸಿ, ಎರಡೂ ಪಕ್ಕ ಒಳಗೆ ಬಾಗಿರುವಂತೆ ಮಾಡಿ. ಅದನ್ನು ಓರೆಯಾಗಿಸಿ ಮೇಜಿನ ಮೇಲೆ ಹಿಡಿದರೆ ಎರಡು ತುದಿಗಳಷ್ಟೇ ತಾಗುತ್ತವೆ, ನಡು ಮೇಲೇ ಉಳಿಯುತ್ತದೆ. ನಡುವನ್ನು ಒತ್ತಿ: ಪಟ್ಟಿ ಬಾಗಿ, ಇಡೀ ಅಂಚು ಮೇಜಿನ ಮೇಲೆ ಒಂದು ಕಮಾನಾಗಿ ಕೂರುತ್ತದೆ. ಹೆಚ್ಚು ಓರೆ ಮಾಡಿದಷ್ಟೂ ಕಮಾನಿನ ವೃತ್ತ ಚಿಕ್ಕದಾಗುತ್ತದೆ. ಗಟ್ಟಿ ಹಿಮದಲ್ಲಿ ಅದರ ತ್ರಿಜ್ಯ ಸುಮಾರಾಗಿ ‘ಆರ್’ ಗುಣಿಸು ಓರೆಯ ಕೋನದ ಕೊಸೈನ್. 60 ಡಿಗ್ರಿ ಓರೆಯಾದರೆ ನಿಮ್ಮ ಹಗ್ಗ ಆರೂವರೆ ಮೀಟರಿಗೆ ಇಳಿಯುತ್ತದೆ. ಕಾರ್ವಿಂಗ್ ಎಂದರೆ ಇದೇ. ಮುಂತುದಿ ಕೊರೆದ ಗೀರಿನಲ್ಲೇ ನಡು, ನಡುವಿನ ಹಿಂದೆಯೇ ಹಿಂತುದಿ, ಪಕ್ಕಕ್ಕೆ ಜಾರುವುದಿಲ್ಲ. 1993ರ ಹೊತ್ತಿಗೆ ಸ್ಲೊವೇನಿಯಾದ ಎಲಾನ್ ಕಂಪನಿ ‘ಎಸ್‌ಸಿಎಕ್ಸ್’ ಸ್ಕೀಯಲ್ಲಿ ಈ ಬಾಗನ್ನು ಧೈರ್ಯವಾಗಿ ಹೆಚ್ಚಿಸಿತು. ಅದಕ್ಕೆ ಮುಂಚೆ ಎರಡು ಮೀಟರಿನ, ಬಹುತೇಕ ನೇರವಾದ ಸ್ಕೀಗಳಲ್ಲಿ ಹೀಗೆ ಕೊರೆಯುವುದು ನುರಿತವರಿಗಷ್ಟೇ ಒಲಿಯುತ್ತಿತ್ತು.

ಹಾಗಾದರೆ ‘ಆರ್’ ಎಷ್ಟಿರಬೇಕು? ವೇಗ ಅದನ್ನು ನಿರ್ಧರಿಸುತ್ತದೆ. ಇಳಿಜಾರನ್ನು ಬದಿಗಿಟ್ಟು, ಮೈ ಮತ್ತು ಸ್ಕೀ ಒಂದೇ ಕೋನದಲ್ಲಿ ವಾಲುತ್ತವೆ ಎಂದುಕೊಂಡು ಲೆಕ್ಕ ಹಾಕಿದರೆ, 30 ಡಿಗ್ರಿ ಓರೆಯಲ್ಲಿ ಬೀಳದೆ ನಿಲ್ಲಲು ‘ಆರ್ 13’ ಸ್ಕೀಗೆ ಗಂಟೆಗೆ 29 ಕಿ.ಮೀ. ವೇಗ ಸಾಕು. ‘ಆರ್ 30’ಕ್ಕೆ ಸುಮಾರು 44 ಬೇಕು. ನೆಟ್ಟ ಕಂಬಗಳ ನಡುವೆ ತಿರುಗುತ್ತಾ ಇಳಿಯುವ ಜೈಂಟ್ ಸ್ಲಾಲಮ್‌ನ ಪುರುಷರ ವಿಶ್ವಕಪ್ ಸ್ಪರ್ಧೆಯಲ್ಲಿ ಈಗ ಕನಿಷ್ಠ 30 ಮೀಟರ್ ಕಡ್ಡಾಯ. ಮೊಣಕಾಲಿನ ಗಾಯಗಳ ಚಿಂತೆಯಿಂದ 2012ರಲ್ಲಿ ಅದನ್ನು 35ಕ್ಕೆ ಏರಿಸಿ, 2017ರಲ್ಲಿ 30ಕ್ಕೆ ಇಳಿಸಿದರು. ಅಂಥ ಸ್ಕೀ ಹೊಸಬರ ಕಾಲಿಗೆ ತಕ್ಕದ್ದಲ್ಲ. ನಿಮಗೆ 12ರಿಂದ 15ರೊಳಗಿನದು ಸರಿ.

ಇನ್ನು ಬಿಗಿ. ಅಂಕಿ ಒಂದೇ ಇದ್ದರೂ ಎರಡು ಸ್ಕೀಗಳು ಬೇರೆಬೇರೆಯಾಗಿ ನಡೆದುಕೊಳ್ಳುವುದು ಇದರಿಂದಲೇ. ಬಿಗಿಯಲ್ಲಿ ಎರಡು ಬಗೆ: ಉದ್ದಕ್ಕೆ ಬಾಗುವುದು ಮತ್ತು ತಿರುಚಿಕೊಳ್ಳುವುದು. ಉದ್ದಕ್ಕೆ ತೀರಾ ಗಡಸಾದರೆ ಕಡಿಮೆ ವೇಗದಲ್ಲಿ, ಹಗುರ ಮೈಯವರಿಗೆ ಅದು ಬಾಗುವುದೇ ಇಲ್ಲ, ಬರೆದ ‘ಆರ್’ ಬರೆದಲ್ಲೇ ಉಳಿಯುತ್ತದೆ. ತಿರುಚಿಗೆ ಮೆತ್ತಗಾದರೆ ಗಟ್ಟಿ ಹಿಮದಲ್ಲಿ ತುದಿಗಳು ಅಂಚು ಬಿಟ್ಟು ಚಪ್ಪಟೆಯಾಗಿ ಜಾರುತ್ತವೆ. ಮರದ ತಿರುಳಿನ ಮೇಲೆ ಕೆಳಗೆ ಫೈಬರ್‌ಗ್ಲಾಸ್, ದುಬಾರಿ ಸ್ಕೀಗಳಲ್ಲಿ ಟೈಟನಾಲ್ ಎಂಬ ಅಲ್ಯೂಮಿನಿಯಂ ಮಿಶ್ರಲೋಹದ ಹಾಳೆ, ಹೀಗೆ ಪದರ ಹಾಕಿ ಈ ಎರಡನ್ನೂ ಹದಕ್ಕೆ ತರುತ್ತಾರೆ. ಲೋಹದ ಹಾಳೆ ಅದುರುವುದನ್ನೂ ತಗ್ಗಿಸುತ್ತದೆ. ಆದರೆ ಕಲಿಯುವವರು ಅದಕ್ಕೆ ದುಡ್ಡು ಸುರಿಯುವುದು ವ್ಯರ್ಥ ಎಂಬುದು ನನ್ನ ಖಚಿತ ಅಭಿಪ್ರಾಯ. ಬಾಗುವ ಸ್ಕೀ ಕಲಿಸುತ್ತದೆ, ಬಾಗದ ಸ್ಕೀ ಹೆದರಿಸುತ್ತದೆ.

ಅಂಗಡಿಯಲ್ಲಿ ಕೈಯಿಂದಲೇ ಬಹಳಷ್ಟು ತಿಳಿಯಬಹುದು. ಜೋಡಿಯನ್ನು ತಳಕ್ಕೆ ತಳ ಸೇರಿಸಿ ಹಿಡಿಯಿರಿ. ನಡುವೆ ಕಾಣುವ ಸಂದು ಕ್ಯಾಂಬರ್, ಅದು ನಿಮ್ಮ ಭಾರವನ್ನು ತುದಿಗಳಿಗೆ ಹಂಚುತ್ತದೆ. ಹಿಂತುದಿಯನ್ನು ನೆಲಕ್ಕೂರಿ, ಮುಂತುದಿ ಹಿಡಿದು ನಡುವನ್ನು ಒತ್ತಿ. ಒಂದೇ ಕಡೆ ಮಡಚಿದಂತಾಗದೆ ಉದ್ದಕ್ಕೂ ಬಾಗಬೇಕು. ಕೊನೆಗೆ ಉಗುರನ್ನು ಉಕ್ಕಿನ ಅಂಚಿಗೆ ಅಡ್ಡವಾಗಿ ಎಳೆಯಿರಿ. ಸಣ್ಣ ಹುಡಿ ಉದುರಿದರೆ ಅಂಚು ಹರಿತ. ಬಾಡಿಗೆ ಸ್ಕೀಯಲ್ಲಿ ನಾನು ಎಲ್ಲಕ್ಕಿಂತ ಮೊದಲು ಬೆಲೆ ಕೊಡುವುದು ಇದಕ್ಕೇ. ಮೊಂಡು ಅಂಚಿನ ಮುಂದೆ ಯಾವ ವಿನ್ಯಾಸವೂ ನಿಲ್ಲದು.

ಗುಲ್ಮಾರ್ಗ್ ಹೆಸರಾಗಿರುವುದು ಅಫರ್ವಟ್ ಬೆಟ್ಟದ ಆಳವಾದ ಹೊಸ ಹಿಮಕ್ಕೆ. ಅಲ್ಲಿ 68 ಮಿ.ಮೀ. ನಡುವಿನ ಸ್ಕೀ ಹೂತುಹೋಗುತ್ತದೆ, 100 ಮಿ.ಮೀ. ಆಸುಪಾಸಿನ ಅಗಲದ್ದು ಬೇಕು. ಕಾರ್ವಿಂಗ್ ಸ್ಕೀಯ ಜಾಗ ಕೆಳಗಿನ, ಯಂತ್ರದಿಂದ ಸಮ ಮಾಡಿದ ಇಳಿಜಾರು. ಅಲ್ಲಿ ತರಬೇತುದಾರರ ಜೊತೆ ಮೆಲ್ಲನೆ ಇಳಿಯುತ್ತಾ, ಪಾದ ತಿರುಗಿಸದೆ ಎರಡೂ ಸ್ಕೀಗಳನ್ನು ಓರೆ ಮಾಡಿ ಕಾಯಿರಿ, ಆಮೇಲೆ ನಿಂತು ಹಿಂದಿನ ಗುರುತು ನೋಡಿ. ಎರಡು ತೆಳು ಗೆರೆಗಳಿದ್ದರೆ ಸ್ಕೀ ಕೊರೆದಿದೆ. ಗುಡಿಸಿದಂತೆ ಅಗಲವಾಗಿದ್ದರೆ ಜಾರಿದೆ. ಆಗ ಅದೇ ಅಳತೆಯ, ಅಂಚು ಹೊಸದಾಗಿ ಮಸೆದ ಇನ್ನೊಂದು ಜೋಡಿ ಕೇಳಿ ಮತ್ತೆ ನೋಡಿ. ಆಗಲೂ ಗೆರೆ ಮೂಡದಿದ್ದರೆ ತರಬೇತುದಾರರಿಗೆ ನಿಮ್ಮ ಓರೆಯನ್ನು ನೋಡಲು ಹೇಳಿ.