ಸೆನ್ಸರಿ ರೂಮ್: ಸ್ವಿಚ್ ರೋಗಿಯ ಕೈಯಲ್ಲಿರುವ ಕೋಣೆ

ಮಾನಸಿಕ ಆರೋಗ್ಯ ವಾರ್ಡಿನ ಪಕ್ಕ ಒಂದು ಚಿಕ್ಕ ಕೋಣೆ. ಒಳಗೆ ಮಂದ ಬೆಳಕು, ತೂಗುವ ಕುರ್ಚಿ, ಭಾರದ ಹೊದಿಕೆ, ಗುಳ್ಳೆ ಏಳುವ ನೀರಿನ ಕೊಳವೆ. ಹಿಸುಕಲು, ಉಜ್ಜಲು, ಮೂಸಲು ಏನೇನೋ ಸಾಮಾನು. ಇದಕ್ಕೆ ಸೆನ್ಸರಿ ರೂಮ್ ಎನ್ನುತ್ತಾರೆ. ಫೋಟೊದಲ್ಲಿ ನೋಡಿದರೆ ಮಕ್ಕಳ ಆಟದ ಕೋಣೆ ಅನಿಸುತ್ತದೆ, ಇಲ್ಲವೇ ದುಡ್ಡಿರುವ ಆಸ್ಪತ್ರೆಯ ಶೋಕಿ ಅನಿಸುತ್ತದೆ. ಕೆಲಸ ಮಾತ್ರ ಗಂಭೀರದ್ದು. ತಳಮಳ, ಭಯ, ಸಿಟ್ಟು ಏರುತ್ತಿದೆ ಅನಿಸಿದಾಗ ರೋಗಿ ಅಲ್ಲಿಗೆ ಹೋಗುತ್ತಾರೆ. ತಮಗೆ ಹಿಡಿಸಿದ್ದನ್ನು ಎತ್ತಿಕೊಳ್ಳುತ್ತಾರೆ. ಮೊದಲು ಮೈ ತಹಬಂದಿಗೆ ಬರುತ್ತದೆ, ಮನಸ್ಸು ಅದರ ಹಿಂದೆ ಬರುತ್ತದೆ. ಈ ವಿಧಾನದ ಹೆಸರು ಸೆನ್ಸರಿ ಮಾಡ್ಯುಲೇಷನ್. ಹೆಚ್ಚಾಗಿ ಆಕ್ಯುಪೇಷನಲ್ ಥೆರಪಿಸ್ಟ್‌ಗಳು, ಅಂದರೆ ದಿನನಿತ್ಯದ ಕೆಲಸಗಳನ್ನು ಮಾಡಿಕೊಳ್ಳಲು ರೋಗಿಗೆ ನೆರವಾಗುವ ಚಿಕಿತ್ಸಕರು, ಇದನ್ನು ನಡೆಸುತ್ತಾರೆ.

ಇಂದ್ರಿಯ ಐದು ಅಂತ ಶಾಲೆಯಲ್ಲಿ ಕಲಿತಿದ್ದೇವೆ. ಈ ಕೆಲಸದಲ್ಲಿ ಇನ್ನೂ ಮೂರು ಲೆಕ್ಕಕ್ಕೆ ಬರುತ್ತವೆ. ಮೈ ವಾಲಿದ್ದನ್ನು, ತಿರುಗಿದ್ದನ್ನು ತಿಳಿಸುವ ಒಳಕಿವಿ ಒಂದು. ಕೈಕಾಲು ಎಲ್ಲಿದೆ, ಎಷ್ಟು ಬಲ ಬಿದ್ದಿದೆ ಎಂದು ಹೇಳುವ ಸ್ನಾಯು ಮತ್ತು ಕೀಲು ಇನ್ನೊಂದು. ಎದೆಬಡಿತ, ಹಸಿವು, ಉಸಿರು ಇವುಗಳ ಒಳಗಿನ ಅರಿವು ಮೂರನೆಯದು. ನಿಧಾನವಾಗಿ ತೂಗಿದರೆ ಮಗು ನಿದ್ದೆ ಹೋಗುತ್ತದೆ, ಗಿರಗಿರ ತಿರುಗಿಸಿದರೆ ಕಿರುಚುತ್ತದೆ. ಎರಡೂ ಒಳಕಿವಿಯದೇ ಕೆಲಸ. ಮೈ ಮೇಲೆ ಸಮನಾಗಿ ಬಿದ್ದ ಭಾರ ಸಮಾಧಾನ ಕೊಡುತ್ತದೆ, ಸುಮ್ನೆ ಸೋಕಿದ ಬೆರಳು ಕಚಗುಳಿ ಇಡುತ್ತದೆ ಅಥವಾ ರೇಗಿಸುತ್ತದೆ. ಚರ್ಮ ಒಂದೇ. ಒತ್ತಡ ಬೇರೆ.

ಎಲ್ಲರಿಗೂ ಇದು ಒಂದೇ ಥರ ಇರುವುದಿಲ್ಲ. ಕೆಲವರಿಗೆ ಮಿದುಳಿನ ವಾಲ್ಯೂಮ್ ಕಡಿಮೆ ಮಾಡಲು ಬರುವುದಿಲ್ಲ. ಟ್ಯೂಬ್‌ಲೈಟಿನ ಗುಂಯ್ ಸದ್ದು, ಪಕ್ಕದ ಮಂಚದವರ ಕೆಮ್ಮು, ಊಟದ ತಟ್ಟೆ ಬಿದ್ದ ಸದ್ದು, ಎಲ್ಲವೂ ಒಟ್ಟಿಗೆ ನುಗ್ಗುತ್ತವೆ. ಇನ್ನು ಕೆಲವರಿಗೆ, ಕಾಯಿಲೆಯಿಂದಲೋ ಮಾತ್ರೆಯಿಂದಲೋ, ಏನೂ ನಾಟುವುದೇ ಇಲ್ಲ. ಅಮೆರಿಕದ ಆಕ್ಯುಪೇಷನಲ್ ಥೆರಪಿಸ್ಟ್ ವಿನ್ನಿ ಡನ್ 1997ರಲ್ಲಿ ಈ ವ್ಯತ್ಯಾಸಗಳನ್ನು ನಾಲ್ಕು ಬಗೆಯಾಗಿ ವಿಂಗಡಿಸಿದರು. ಸದ್ದು, ಬೆಳಕು, ಸ್ಪರ್ಶ ಬೇಗ ನಾಟುವವರು, ಸುಲಭಕ್ಕೆ ನಾಟದವರು, ಅವನ್ನು ಹುಡುಕಿಕೊಂಡು ಹೋಗುವವರು, ಅವುಗಳಿಂದ ತಪ್ಪಿಸಿಕೊಳ್ಳುವವರು. ಹಾಗಾಗಿ ಒಬ್ಬರಿಗೆ ಮದ್ದಾದ ಕೋಣೆ ಇನ್ನೊಬ್ಬರಿಗೆ ಹಿಂಸೆ ಆಗಬಹುದು. ಆಯ್ಕೆ ರೋಗಿಯದ್ದೇ ಆಗಿರಬೇಕು ಎನ್ನುವುದಕ್ಕೆ ಮೊದಲ ಕಾರಣ ಇದು.

ಈ ವಿಧಾನದ ಮೂಲ ಬೇರೆ ಬೇರೆ ಕಡೆ ಇದೆ. ಜೀನ್ ಏರ್ಸ್ ಎಂಬ ಅಮೆರಿಕದ ಥೆರಪಿಸ್ಟ್ ಕಲಿಕೆಯ ತೊಂದರೆ ಇರುವ ಮಕ್ಕಳಿಗಾಗಿ ಸೆನ್ಸರಿ ಇಂಟಿಗ್ರೇಷನ್ ಸಿದ್ಧಾಂತ, ಅಂದರೆ ಇಂದ್ರಿಯಗಳ ಸುದ್ದಿಯನ್ನು ಮಿದುಳು ಹೇಗೆ ಒಟ್ಟುಗೂಡಿಸುತ್ತದೆ ಎನ್ನುವ ಸಿದ್ಧಾಂತ, ಕಟ್ಟಿದರು. 1970ರ ದಶಕದಲ್ಲಿ ನೆದರ್ಲೆಂಡ್ಸ್‌ನ ಹಾರ್ಟೆನ್‌ಬರ್ಗ್ ಎಂಬ ಆರೈಕೆ ಕೇಂದ್ರದಲ್ಲಿ ಯಾನ್ ಹುಲ್ಸೆಗ್ಗೆ ಮತ್ತು ಆಡ್ ವೆರ್‌ಹ್ಯೂಲ್ ಬುದ್ಧಿಮಾಂದ್ಯತೆ ಇರುವವರಿಗಾಗಿ ಬೆಳಕು, ಸದ್ದು, ಸ್ಪರ್ಶದ ಕೋಣೆಗಳನ್ನು ಮಾಡಿದರು. ಇವತ್ತು ಫೋಟೊಗಳಲ್ಲಿ ಕಾಣುವ ಬಣ್ಣದ ಬೆಳಕಿನ ಕೋಣೆ ಆ ವಂಶದ್ದು.

ನನಗೆ ಜಾಸ್ತಿ ಇಷ್ಟವಾದದ್ದು ಟೆಂಪಲ್ ಗ್ರಾಂಡಿನ್ ಅವರ ಯಂತ್ರ. ಆಟಿಸಂ ಇರುವ ಹುಡುಗಿ. ಅಮೆರಿಕದ ಅರಿಜೋನಾದಲ್ಲಿ ಸಂಬಂಧಿಕರೊಬ್ಬರ ದನದ ಫಾರ್ಮಿಗೆ ಹೋಗಿದ್ದರು. ಚುಚ್ಚುಮದ್ದು ಕೊಡಲು ದನಗಳನ್ನು ಎರಡು ಬದಿಯಿಂದ ಒತ್ತಿ ಹಿಡಿಯುವ ಚೌಕಟ್ಟು ಅಲ್ಲಿತ್ತು. ನಮ್ಮ ಪಶು ಆಸ್ಪತ್ರೆಗಳ ಮುಂದೆಯೂ ದನ ನಿಲ್ಲಿಸುವ ಕಬ್ಬಿಣದ ಚೌಕಟ್ಟು ಇರುತ್ತದೆ, ಆದರೆ ಅದು ಒತ್ತುವುದಿಲ್ಲ. ಅಲ್ಲಿಯದು ಒತ್ತಿದಾಗ ಕೆಲವು ದನಗಳು ಸುಮ್ಮನಾಗುತ್ತಿದ್ದವು. ಅದನ್ನು ನೋಡಿ ಅವರು 1960ರ ದಶಕದಲ್ಲಿ ತಮಗೇ ಅಂಥದ್ದೊಂದು ಮರದ ಯಂತ್ರ ಕಟ್ಟಿಕೊಂಡರು. ದನಗಳ ಚೌಕಟ್ಟಿಗೂ ಇದಕ್ಕೂ ಇರುವ ದೊಡ್ಡ ವ್ಯತ್ಯಾಸ ಏನು ಗೊತ್ತಾ? ಒತ್ತುವ ಹಿಡಿಕೆ ಒಳಗೆ ಮಲಗಿದವರ ಕೈಯಲ್ಲೇ ಇತ್ತು. ಬೇಕಾದಷ್ಟು ಒತ್ತಿಸಿಕೊಳ್ಳಬಹುದು, ಸಾಕಾದಾಗ ಬಿಡಬಹುದು. ಒಳಗಿರುವವರಿಗೆ ಆ ಹಿಡಿಕೆ ಸಿಗದಿದ್ದರೆ ಅದೇ ಯಂತ್ರ ಕಟ್ಟಿಹಾಕುವ ಸಾಧನ ಆಗಿಬಿಡುತ್ತದೆ.

ನಮ್ಮ ದೇಶದಲ್ಲಿ ಕಟ್ಟಿಹಾಕುವುದು ಹಳೆಯ ಕಥೆ ಅಲ್ಲ. 2001ರ ಆಗಸ್ಟ್ 6ರಂದು ತಮಿಳುನಾಡಿನ ಎರ್ವಾಡಿಯಲ್ಲಿ ಬೆಂಕಿ ಬಿದ್ದಾಗ, ಸರಪಳಿ ಹಾಕಿಸಿಕೊಂಡಿದ್ದ ಮಾನಸಿಕ ರೋಗಿಗಳು ಓಡಲಾಗದೆ ಸತ್ತರು. 28 ಜನ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಈ ವಿಷಯದಲ್ಲಿ ಖಡಕ್ಕಾಗಿದೆ. 97ನೇ ಕಲಂ ಪ್ರಕಾರ ರೋಗಿಯನ್ನು ಒಂಟಿಯಾಗಿ ಕೂಡಿಹಾಕುವಂತೆಯೇ ಇಲ್ಲ. ಕಟ್ಟುವುದು ತಕ್ಷಣದ ಅಪಾಯ ತಪ್ಪಿಸಲು ಬೇರೆ ದಾರಿಯೇ ಇಲ್ಲದಾಗ ಮಾತ್ರ, ಅದೂ ಮನೋವೈದ್ಯರ ಒಪ್ಪಿಗೆಯ ಮೇಲೆ. ಶಿಕ್ಷೆ ಅಂತ ಕಟ್ಟುವಂತಿಲ್ಲ. ಸಿಬ್ಬಂದಿ ಸಾಲದು ಎನ್ನುವುದೂ ಕಾರಣ ಆಗುವಂತಿಲ್ಲ. ಹಾಗಾದರೆ ರೋಗಿಯ ತಳಮಳ ಏರುತ್ತಿರುವ ಆ ಹೊತ್ತಿನಲ್ಲಿ ನರ್ಸ್ ಏನು ಮಾಡಬೇಕು? ಸೆನ್ಸರಿ ರೂಮ್ ಇದಕ್ಕೆ ಒಂದು ಉತ್ತರ. “ಅಣ್ಣಾ, ಸ್ವಲ್ಪ ಹೊತ್ತು ಆ ಕಡೆ ಕೂತ್ಕೊಂಡು ಬರ್ತೀರಾ?” ಎಂದು ಕೇಳುವ ಅವಕಾಶ. “ಹೋಗಿ ಅಲ್ಲಿ ಕೂತ್ಕೋ” ಎಂದು ಗದರಿ ಹೊರಗಿನಿಂದ ಚಿಲಕ ಹಾಕಿದರೆ ಬಾಗಿಲ ಮೇಲೆ ಶಾಂತಿ ಕೋಣೆ ಎಂದು ಬರೆದಿದ್ದರೂ ಅದು ಕತ್ತಲೆ ಕೋಣೆಯೇ, ಕಾನೂನು ಮೀರಿದ್ದೇ.

ಈಗ ಸಾಮಾನಿನ ವಿಷಯಕ್ಕೆ ಬರೋಣ. ಹಾಸನದಂಥ ಜಿಲ್ಲಾ ಕೇಂದ್ರದಲ್ಲಿ ಇದನ್ನು ಮಾಡಲು ಹೊರಟರೆ ಮೊದಲು ಎಲ್ಲರಿಗೂ ನೆನಪಾಗುವುದು ತೂಗುಮಣೆ. ಮಲೆನಾಡಿನ ಮನೆಗಳ ಜಗುಲಿಯಲ್ಲಿ ಕೂತು ತೂಗಿದವರಿಗೆ ಅದರ ಸುಖ ಗೊತ್ತು. ಆದರೆ ವಾರ್ಡಿಗೆ ಅದು ಆಗಲ್ಲ. ಸರಪಳಿ, ಕೊಕ್ಕೆ, ಉದ್ದ ದಾರ, ಪರದೆಯ ಗಟ್ಟಿ ಸರಳು, ಇವೆಲ್ಲ ಜೀವಕ್ಕೆ ಅಪಾಯ ತರುವ ವಸ್ತುಗಳು. ಮಾನಸಿಕ ಆರೋಗ್ಯ ವಾರ್ಡಿನ ವಿನ್ಯಾಸ ಮಾಡುವವರು ಮೊದಲು ಹುಡುಕಿ ತೆಗೆಯುವುದು ಇವನ್ನೇ. ಹಾಗಾಗಿ ತೂಗಾಟ ನೆಲದ ಮೇಲೆಯೇ ಆಗಬೇಕು. ಬುಡ ಭಾರವಾಗಿರುವ, ಎತ್ತಿ ಎಸೆಯಲಾಗದ, ಬೆರಳು ಸಿಕ್ಕದ ಕುರ್ಚಿ.

ನೆಲಕ್ಕೆ ಅಂಟಿದಂತಿರುವ ಬೀನ್ ಬ್ಯಾಗ್ ಚೆನ್ನಾಗಿ ಕಾಣುತ್ತದೆ, ಅಲ್ವಾ? ಅದರಲ್ಲೂ ಒಂದು ತೊಡಕಿದೆ. ಮಾನಸಿಕ ಕಾಯಿಲೆಯ ಹಲವು ಮಾತ್ರೆಗಳು ಎದ್ದು ನಿಂತಾಗ ಬಿಪಿ ಇಳಿಸುತ್ತವೆ. ಕಣ್ಣು ಕತ್ತಲೆ ಬರುತ್ತದೆ. ತೀರಾ ತಗ್ಗಿನ ಆಸನದಿಂದ ತಟ್ಟನೆ ಎದ್ದವರು ಬೀಳುತ್ತಾರೆ. ಕೈ ಊರಲು ತೋಳು ಇರುವ, ಮೊಣಕಾಲಿನ ಎತ್ತರದ ಆಸನ ವಾಸಿ. ಇದನ್ನು ಹೊಲಿಯಲು ಹೊರಗಿನವರು ಬೇಕಿಲ್ಲ. ಆಟೊ, ಬಸ್ಸಿನ ಸೀಟು ಹೊಲಿಯುವವರಿಗೆ ರೆಕ್ಸಿನ್, ಫೋಮು, ಎರಡೆಳೆ ಹೊಲಿಗೆ ಎಲ್ಲ ಗೊತ್ತು. ಅವರಿಗೆ ಹೇಳಬೇಕಾದ್ದು ಇಷ್ಟೇ: ಜಿಪ್ ಹೊರಗೆ ಕಾಣಬಾರದು, ಮೊಳೆ ಕೈಗೆ ಸಿಗಬಾರದು, ಸೋಂಕುನಾಶಕದಲ್ಲಿ ದಿನಾ ಒರೆಸಿದರೂ ತಾಳಬೇಕು.

ಭಾರದ ಹೊದಿಕೆಗೆ ಕಂಬಳಿಯೇ ಸಾಕಲ್ಲವೇ ಅನಿಸಬಹುದು. ಕಂಬಳಿಯ ಒರಟು ಕೆಲವರಿಗೆ ಹಿತ, ಕೆಲವರಿಗೆ ಮುಳ್ಳು. ಅದಕ್ಕಿಂತ ದೊಡ್ಡ ತೊಂದರೆ ಅಂದರೆ ಪದೇಪದೇ ಬಿಸಿನೀರಲ್ಲಿ ಒಗೆಯಲು ಆಗುವುದಿಲ್ಲ. ಭಾರಕ್ಕೆ ರಾಗಿ ತುಂಬಿದರೆ ಅಗ್ಗ ನಿಜ, ಹುಳ ಬೀಳುತ್ತದೆ. ಸಕಲೇಶಪುರದ ಜುಲೈ ತಿಂಗಳಲ್ಲಿ ಗೋಡೆಗೇ ಬೂಷ್ಟು ಹಿಡಿಯುವಾಗ ರಾಗಿ ಉಳಿಯುತ್ತದೆಯೇ? ಪ್ಲಾಸ್ಟಿಕ್ ಮಣಿಗಳನ್ನು ಚಿಕ್ಕ ಚಿಕ್ಕ ಚೌಕಗಳಲ್ಲಿ ಹೊಲಿದರೆ ಭಾರ ಒಂದೇ ಕಡೆ ಜಾರುವುದಿಲ್ಲ, ಒಗೆದರೂ ಬೇಗ ಒಣಗುತ್ತದೆ. ಮೈತೂಕದ ಹತ್ತನೇ ಒಂದು ಭಾಗ ಎನ್ನುವ ಲೆಕ್ಕ ಚಾಲ್ತಿಯಲ್ಲಿದೆ. 60 ಕೆಜಿಯವರಿಗೆ 6 ಕೆಜಿ. ಅದು ಬರೀ ಅಂದಾಜು. ಉಸಿರಾಟ, ಹೃದಯದ ತೊಂದರೆ ಇರುವವರಿಗೆ ವೈದ್ಯರನ್ನು ಕೇಳದೆ ಕೊಡಬಾರದು. ಕೆಲವು ಮಾತ್ರೆಗಳು ಬೆವರುವುದನ್ನೇ ಕಡಿಮೆ ಮಾಡುತ್ತವೆ, ಅರಸೀಕೆರೆ, ಕಡೂರಿನ ಏಪ್ರಿಲ್ ಬಿಸಿಲಲ್ಲಿ ಅಂಥವರಿಗೆ ಪೂರ್ತಿ ಹೊದಿಕೆ ಬೇಡ, ತೊಡೆಯ ಮೇಲೆ ಇಡುವ ಭಾರದ ದಿಂಬು ಸಾಕು. ಯಾವುದೇ ಆದರೂ ಒಂದು ನಿಯಮ ಸಡಿಲಬಾರದು. ಹೊದ್ದವರು ತಮ್ಮ ಕೈಯಿಂದಲೇ ಅದನ್ನು ತೆಗೆದು ಬಿಸಾಡುವಂತಿರಬೇಕು.

ಗುಳ್ಳೆ ಕೊಳವೆ ಆಕ್ರಿಲಿಕ್‌ನದ್ದೇ ಆಗಬೇಕು, ಗಾಜು ಕೂಡದು. ಕಡಿಮೆ ವೋಲ್ಟೇಜಿನ ಎಲ್‌ಇಡಿ, ಪಂಪು ಗೋಡೆಯ ಆಚೆ. ಬೆಳಕಿನ ಬಣ್ಣ ನಿಧಾನ ಬದಲಾಗಬೇಕು, ವೇಗವಾಗಿ ಮಿಣುಕಬಾರದು, ಮೂರ್ಛೆರೋಗ ಇರುವ ಕೆಲವರಿಗೆ ಮಿಣುಕು ಬೆಳಕೇ ಫಿಟ್ಸ್ ತರಬಹುದು. ಮಲೆನಾಡಿಗೆ ಇನ್ನೊಂದು ಷರತ್ತು ಸೇರಿಸಬೇಕು: ಯುಪಿಎಸ್. ಹೆದರಿ ಕೂತವರ ಕೋಣೆಯಲ್ಲಿ ಕರೆಂಟ್ ಹೋಗಿ ತಟ್ಟನೆ ಕತ್ತಲಾದರೆ ಮಾಡಿದ್ದೆಲ್ಲ ನೀರಲ್ಲಿ ಹೋಮ.

ಸದ್ದು ಮತ್ತು ವಾಸನೆಯ ವಿಷಯದಲ್ಲಿ ಹೊರಗಿನ ಪಟ್ಟಿಯನ್ನು ಹಾಗೇ ತರಬಾರದು. ಸಮಾಧಾನಕ್ಕೆ ಅಂತ ಎಲ್ಲ ಆ್ಯಪ್‌ಗಳೂ ಮಳೆ ಸದ್ದು ಕೊಡುತ್ತವೆ. 2019ರ ಆಗಸ್ಟಿನಲ್ಲಿ ಮೂಡಿಗೆರೆ ಕಡೆ ಗುಡ್ಡ ಕುಸಿದಾಗ ಮನೆ ಬಿಟ್ಟು ಓಡಿದವರಿಗೆ ಆ ಸದ್ದು ಹಾಕಿ ನೋಡಿ! ಇಲ್ಲದ ಧ್ವನಿ ಕೇಳುವವರಿಗೆ ಕೆಲವೊಮ್ಮೆ ಹೆಡ್‌ಫೋನಿನ ಹಾಡು ಆಸರೆ ಆಗುತ್ತದೆ, ಯಾವ ಹಾಡು ಅನ್ನೋದು ಅವರೇ ಹೇಳಬೇಕು. ವಾಸನೆ ಹಳೆಯ ನೆನಪನ್ನು ಬೇಗ ಕೆದಕುತ್ತದೆ, ಯಾಕೆಂದರೆ ಮೂಗಿನ ಸುದ್ದಿ ಮಿದುಳಿನ ಭಾವನೆಯ ಜಾಗಕ್ಕೆ ಬೇರೆ ಇಂದ್ರಿಯಗಳಿಗಿಂತ ನೇರ ದಾರಿಯಲ್ಲಿ ಹೋಗುತ್ತದೆ. ಏಲಕ್ಕಿ, ನಿಂಬೆಹುಲ್ಲು, ಹುರಿದ ಕಾಫಿಬೀಜ ಒಂದೊಂದು ಮುಚ್ಚಳದ ಡಬ್ಬಿಯಲ್ಲಿ ಇರಲಿ, ಕೋಣೆಗೆಲ್ಲ ಸಿಂಪಡಿಸುವುದು ಬೇಡ. ಕುಡಿತ ಬಿಡಲು ಬಂದವರ ಹತ್ತಿರ ಸ್ಪಿರಿಟ್ ಬೆರೆಸಿದ ಸೆಂಟು ಬೇಡವೇ ಬೇಡ. ಕಾಫಿಯನ್ನು ಮೂಸಿದರೆ ಸಾಕು, ಕುಡಿದರೆ ಆತಂಕ ಏರಬಹುದು. ಚಿಕ್ಕಮಗಳೂರಿನವರಿಗೆ ಇದನ್ನು ಹೇಳಿ ಒಪ್ಪಿಸುವವರು ಯಾರೋ ಕಾಣೆ.

ಇದರಿಂದ ಗುಣವಾಗುತ್ತದೆಯೇ? ಕಾಯಿಲೆ ಗುಣವಾಗುವುದಿಲ್ಲ. ಮಾತ್ರೆ, ಮಾತಿನ ಚಿಕಿತ್ಸೆಗೆ ಇದು ಬದಲಿ ಅಲ್ಲ. ಕೋಣೆಯಲ್ಲಿ ಕೂತು ಬಂದ ಮೇಲೆ ತಳಮಳ ಇಳಿದಿದೆ ಎಂದು ರೋಗಿಗಳು ಹೇಳಿದ್ದು ಹಲವು ಅಧ್ಯಯನಗಳಲ್ಲಿದೆ. ಕಟ್ಟಿಹಾಕುವುದು ಕಡಿಮೆ ಆಯಿತೇ ಎಂಬುದಕ್ಕೆ ಮಾತ್ರ ಒಂದು ಕಡೆ ಹೌದು, ಒಂದು ಕಡೆ ಇಲ್ಲ. ಭಾರದ ಹೊದಿಕೆ ಬಗ್ಗೆ ಸ್ವೀಡನ್ನಿನಲ್ಲಿ 120 ಜನರ ಮೇಲೆ ನಡೆಸಿ 2020ರಲ್ಲಿ ಪ್ರಕಟಿಸಿದ ಅಧ್ಯಯನ ಇದೆ. ಖಿನ್ನತೆ, ಬೈಪೋಲಾರ್, ಆತಂಕದಂಥ ಕಾಯಿಲೆಯ ಜೊತೆ ನಿದ್ರಾಹೀನತೆ ಇದ್ದವರು ಅವರು. ನಾಲ್ಕು ವಾರದಲ್ಲಿ ಭಾರದ್ದು ಹೊದ್ದವರ ನಿದ್ದೆ ಹಗುರದ್ದು ಹೊದ್ದವರಿಗಿಂತ ಚೆನ್ನಾಗಿ ಸುಧಾರಿಸಿತು. ಆದರೆ ಯಾರಿಗೆ ಭಾರದ್ದು ಸಿಕ್ಕಿದೆ ಎನ್ನುವುದು ಹೊದ್ದವರಿಗೆ ಗೊತ್ತಾಗದೆ ಇರುತ್ತದೆಯೇ? ಆ ಅನುಮಾನ ಇಟ್ಟುಕೊಂಡೇ ಓದಬೇಕು.

ಜಿಲ್ಲಾಸ್ಪತ್ರೆಗಳಲ್ಲಿ ಮಂಚಕ್ಕೇ ಜಾಗ ಸಾಲದು, ಕೋಣೆ ಎಲ್ಲಿಂದ ತರುವುದು ಎಂದು ಯಾರಾದರೂ ಕೇಳಿದರೆ ಅದು ನ್ಯಾಯವಾದ ಪ್ರಶ್ನೆ. ಕೋಣೆಯೇ ಬೇಕೆಂದಿಲ್ಲ. ಔಷಧಿ ತಳ್ಳುವಂಥ ಒಂದು ಟ್ರಾಲಿ ಸಾಕು. ತೊಡೆಯ ದಿಂಬು, ಹಿಸುಕುವ ಚೆಂಡು, ವಾಸನೆಯ ಡಬ್ಬಿ, ಶುಂಠಿ, ಹುಣಸೆ ಮಿಠಾಯಿ, ಗೋಣಿಬಟ್ಟೆ, ರೇಷ್ಮೆ ತುಂಡು. ಬಟನ್ ಸೆಲ್ ಹಾಕಿದ ಆಟಿಕೆ ಮಾತ್ರ ಬೇಡ, ನುಂಗಿದರೆ ಅನಾಹುತ. ಟ್ರಾಲಿ ಹೊರಟಾಗ ಸಾಮಾನು ಎಣಿಸಬೇಕು, ಬಂದಾಗ ಮತ್ತೆ ಎಣಿಸಬೇಕು, ಪ್ರತಿಯೊಂದನ್ನೂ ಒರೆಸಬೇಕು. ಯಾರಿಗೆ ಯಾವುದು ಹಿಡಿಸಿತು, ಯಾವುದು ರೇಗಿಸಿತು ಎಂದು ಒಂದು ಕಾರ್ಡಿನಲ್ಲಿ ಅವರ ಮಾತಿನಲ್ಲೇ ಬರೆಯಬೇಕು. ಡಿಸ್ಚಾರ್ಜ್ ಆದಾಗ ಆ ಕಾರ್ಡು ರೋಗಿಯ ಜೊತೆ ಮನೆಗೆ ಹೋಗಬೇಕು. ರಾಜ್ಯ ಸರ್ಕಾರದ ಮನೋಚೈತನ್ಯ ಕಾರ್ಯಕ್ರಮದಲ್ಲಿ ಮನೋವೈದ್ಯರು ಮಂಗಳವಾರ ತಾಲ್ಲೂಕು ಆಸ್ಪತ್ರೆಗೆ ಬರುತ್ತಾರಲ್ಲ, ಮಾತ್ರೆ ಚೀಟಿಯ ಜೊತೆ ಅದನ್ನೂ ಅವರ ಮುಂದೆ ಇಡಬಹುದು.