ಹೊದಿಕೆಯ ಹಿಂಬದಿಯ ಹೆಸರುಗಳು: ಬ್ರಿಟನ್ನಿನ ಜಾಝ್ ಕೇಳಲು ಒಂದು ದಾರಿ

ಜಾಝ್ ಕೇಳಲು ತೊಡಗಿದವರು ಬಲ್ಲವರ ಹತ್ತಿರ ಹೋಗಿ ಯಾವುದರಿಂದ ಆರಂಭಿಸಲಿ ಎಂದರೆ ಸಾಮಾನ್ಯವಾಗಿ ಸಿಗುವುದು ಪಟ್ಟಿ. ಐವತ್ತು ಆಲ್ಬಂ, ನೂರು ಆಲ್ಬಂ. ಕೊಡುವವರದು ನಿಜವಾದ ಪ್ರೀತಿಯೇ. ಆದರೂ ನನಗೆ ಪಟ್ಟಿಗಳಿಂದ ಹೆಚ್ಚು ಲಾಭವಾಗಲಿಲ್ಲ. ಒಂದರ ಹಿಂದೊಂದು ಕೇಳಿದ್ದೆಲ್ಲ ತಿಂಗಳೊಳಗೆ ಕಲಸಿಹೋಯಿತು. ಕಿವಿ ತೆರೆದದ್ದು ಬೇರೆ ರೀತಿಯಲ್ಲಿ. ಒಂದು ರೆಕಾರ್ಡ್ ಮನಸ್ಸಿಗೆ ಹಿಡಿಸಿದರೆ ಅದರ ಹೊದಿಕೆಯ ಹಿಂಬದಿಯಲ್ಲಿರುವ ವಾದಕರ ಹೆಸರುಗಳನ್ನು ಓದುವುದು. ಅವರಲ್ಲಿ ಒಬ್ಬರ ಬೆನ್ನು ಹಿಡಿದು ಅವರು ನುಡಿಸಿದ ಇನ್ನೊಂದು ರೆಕಾರ್ಡಿಗೆ ಹೋಗುವುದು. ಬ್ರಿಟನ್ನಿನ ಜಾಝ್‌ಗೆ ಈ ಕ್ರಮ ಚೆನ್ನಾಗಿ ಒಗ್ಗುತ್ತದೆ. 1960ರ ದಶಕದ ಲಂಡನ್ನಿನಲ್ಲಿ ಆಧುನಿಕ ಜಾಝ್ ನುಡಿಸುವವರ ಬಳಗ ದೊಡ್ಡದಿರಲಿಲ್ಲ. ಅದೇ ಮಂದಿ ಬೇರೆ ಬೇರೆ ತಂಡಗಳಲ್ಲಿ ಮತ್ತೆ ಮತ್ತೆ ಎದುರಾಗುತ್ತಾರೆ. ಹೀಗೆ ಹೊರಟಾಗ ಇನ್ನೊಂದು ಸಂಗತಿಯೂ ತಾನಾಗಿ ತಿಳಿಯುತ್ತದೆ. ಬ್ರಿಟಿಷ್ ಜಾಝ್ ಎಂದು ಕರೆಯುವ ಈ ಸಂಗೀತವನ್ನು ಕಟ್ಟಿದವರಲ್ಲಿ ಎಷ್ಟೋ ಮಂದಿ ಹುಟ್ಟಿದ್ದು ಕಿಂಗ್‌ಸ್ಟನ್, ಸೇಂಟ್ ವಿನ್ಸೆಂಟ್, ಟೊರಾಂಟೊ, ಕಲ್ಕತ್ತ, ಬೊಂಬಾಯಿಗಳಲ್ಲಿ.

ದಾರಿ ತಪ್ಪದಿರಲು ಮೊದಲು ಒಂದಿಷ್ಟು ಪರಿಭಾಷೆ. ಜಾಝ್ ರಚನೆಯ ಆರಂಭದಲ್ಲಿ ಎಲ್ಲರೂ ಸೇರಿ ನುಡಿಸುವ ಧಾಟಿಯೇ ಥೀಮ್. ಅದರ ಅಳತೆ 12 ಬಾರ್ (ತಾಳದ ಒಂದೊಂದು ಖಂಡ) ಇರಬಹುದು, 32 ಇರಬಹುದು. ಆ ಒಂದು ಸುತ್ತಿಗೆ ಕೋರಸ್ ಎಂದು ಹೆಸರು. ಥೀಮ್ ಮುಗಿದ ಮೇಲೆ ಒಬ್ಬೊಬ್ಬರಾಗಿ ಅದೇ ಸುತ್ತಿನ ಮೇಲೆ ತಮ್ಮ ಕಲ್ಪನೆಯನ್ನು ಹರಿಸುತ್ತಾರೆ. ತಾಳದ ಆವರ್ತನ ಎಣಿಸಿ ಅಭ್ಯಾಸವಿರುವವರಿಗೆ ಇದು ಕಷ್ಟವಲ್ಲ. ಕಷ್ಟವಿರುವುದು ಬೇರೆ ಕಡೆ. ನಮ್ಮ ಕಚೇರಿಯಲ್ಲಿ ತಂಬೂರಿ ಹಿಡಿದ ಷಡ್ಜ ಕೊನೆಯವರೆಗೂ ಕದಲುವುದಿಲ್ಲ. ಜಾಝ್‌ನಲ್ಲಾದರೆ ಸುತ್ತಿನ ಒಳಗೇ ಕಾರ್ಡ್‌ಗಳು (ಒಟ್ಟಿಗೆ ನುಡಿಯುವ ಸ್ವರಗುಚ್ಛಗಳು) ಬದಲಾಗುತ್ತ ಹೋಗುತ್ತವೆ, ವಾದಕ ಆ ಬದಲಾವಣೆಗೆ ತಕ್ಕಂತೆ ಸ್ವರ ಆರಿಸಿಕೊಳ್ಳಬೇಕು. 1950ರ ದಶಕದ ಕೊನೆಯಿಂದ ಬಲವಾದ ಮೋಡಲ್ ಜಾಝ್‌ನಲ್ಲಿ ಮಾತ್ರ ಒಂದೇ ಸ್ವರಶ್ರೇಣಿಯ ಮೇಲೆ ಬಹಳ ಹೊತ್ತು ನಿಲ್ಲುವ ಪದ್ಧತಿ ಇದೆ. ರಾಗ ಕೇಳಿ ಬೆಳೆದವರಿಗೆ ಅದು ಬೇಗ ಒಲಿಯುತ್ತದೆ.

ಮೊದಲ ರೆಕಾರ್ಡ್

ನಾನು ಹೊಸಬರ ಕೈಗೆ ಕೊಡುವುದು ಪಿಯಾನೊ ವಾದಕ ಸ್ಟ್ಯಾನ್ ಟ್ರೇಸಿಯವರ ನಾಲ್ವರ ತಂಡ 1965ರಲ್ಲಿ ಧ್ವನಿಮುದ್ರಿಸಿದ ಸೂಟ್, ಅಂದರೆ ಒಂದೇ ವಸ್ತುವಿನ ಸುತ್ತ ಹೆಣೆದ ರಚನೆಗಳ ಮಾಲೆ. ಡಿಲನ್ ಥಾಮಸ್ ಅವರ ‘ಅಂಡರ್ ಮಿಲ್ಕ್ ವುಡ್’ ಎಂಬ ರೇಡಿಯೊ ನಾಟಕ ಇದಕ್ಕೆ ಪ್ರೇರಣೆ. ನಾಟಕ ಓದಿರಬೇಕೆಂದೇನೂ ಇಲ್ಲ. ನೇರವಾಗಿ ‘ಸ್ಟಾರ್‌ಲೆಸ್ ಅಂಡ್ ಬೈಬಲ್ ಬ್ಲ್ಯಾಕ್’ ಎಂಬ ರಚನೆಗೆ ಹೋಗಿ, ದೀಪ ಆರಿಸಿ, ಹೆಡ್‌ಫೋನ್ ಹಾಕಿಕೊಂಡು ಕೇಳಿ. ಚಿಕ್ಕ ಊರೊಂದರ ನಡುರಾತ್ರಿ ಅದು. ಪಿಯಾನೊ ಒಂದೇ ಬಗೆಯ ಅಲೆಯನ್ನು ಮತ್ತೆ ಮತ್ತೆ ಎಬ್ಬಿಸುತ್ತದೆ, ತಗ್ಗು ದನಿಯ ದೊಡ್ಡ ತಂತಿವಾದ್ಯವಾದ ಬೇಸ್ ಅದರ ಕೆಳಗೆ ನೆಲದಂತೆ ನಿಲ್ಲುತ್ತದೆ. ಅದರ ಮೇಲೆ ಗ್ಲಾಸ್ಗೋದ ಬಾಬಿ ವೆಲಿನ್ಸ್ ಟೆನರ್ ಸ್ಯಾಕ್ಸೊಫೋನಿನಲ್ಲಿ ಕೆಲವೇ ಸ್ವರಗಳನ್ನು ಎಳೆಯುತ್ತಾರೆ. ಸ್ವರಕ್ಕಿಂತ ಮೊದಲು ಉಸಿರು ಕೇಳಿಸುತ್ತದೆ. ಸ್ವರ ಮುಗಿದ ಮೇಲೂ ಉಸಿರು ಸ್ವಲ್ಪ ಉಳಿಯುತ್ತದೆ. ಮೊದಲ ಸಲ ಸ್ಯಾಕ್ಸೊಫೋನನ್ನು ಮಾತ್ರ, ಎರಡನೆಯ ಸಲ ಪಿಯಾನೊವನ್ನು ಮಾತ್ರ, ಮೂರನೆಯ ಸಲ ಎರಡರ ನಡುವಿನ ಖಾಲಿ ಜಾಗವನ್ನು ಕೇಳಿ. ವೇಗವಾಗಿ ನುಡಿಸುವುದೇ ಜಾಝ್ ಎಂದು ನಂಬಿದ್ದ ನನಗೆ ಆ ನಂಬಿಕೆ ಬಿಟ್ಟದ್ದು ಈ ಮೂರನೆಯ ಸಲದಲ್ಲಿ.

ಟ್ರೇಸಿಯವರ ಹಿನ್ನೆಲೆಯೂ ತಿಳಿಯಬೇಕಾದದ್ದು. ಸಂಗೀತಗಾರರ ಸಂಘಗಳ ಜಗಳದಿಂದಾಗಿ 1935ರಿಂದ ಸುಮಾರು ಇಪ್ಪತ್ತು ವರ್ಷ ಅಮೆರಿಕದ ತಂಡಗಳು ಬ್ರಿಟನ್ನಿಗೆ ಬಂದು ನುಡಿಸುವುದು ಹೆಚ್ಚುಕಡಿಮೆ ನಿಂತೇ ಹೋಗಿತ್ತು. ಹೊಸ ಜಾಝ್ ಹೇಗಿದೆಯೆಂದು ತಿಳಿಯಲು ಲಂಡನ್ನಿನ ಹುಡುಗರಿಗೆ ಇದ್ದದ್ದು ರೆಕಾರ್ಡುಗಳು. ಅಷ್ಟರಿಂದ ತೃಪ್ತಿಯಾಗದವರು ಅಟ್ಲಾಂಟಿಕ್ ದಾಟುವ ಪ್ರಯಾಣಿಕ ಹಡಗುಗಳ ನೃತ್ಯ ವಾದ್ಯವೃಂದದಲ್ಲಿ ಕೆಲಸಕ್ಕೆ ಸೇರುತ್ತಿದ್ದರು. ಹಡಗು ನ್ಯೂಯಾರ್ಕಿನಲ್ಲಿ ತಂಗಿದಾಗ ಓಡಿಹೋಗಿ ಕ್ಲಬ್ಬುಗಳಲ್ಲಿ ಕೂರುವುದಕ್ಕಾಗಿ ಅಷ್ಟು ದೂರದ ದುಡಿಮೆ! ಟ್ರೇಸಿ ಹಾಗೆ ಹೋದವರು, ಸ್ಯಾಕ್ಸೊಫೋನ್ ವಾದಕ ರಾನಿ ಸ್ಕಾಟ್ ಕೂಡ. ಸ್ಕಾಟ್ ಮುಂದೆ 1959ರ ಅಕ್ಟೋಬರಿನಲ್ಲಿ ಲಂಡನ್ನಿನ ಸೋಹೊದ ಜೆರಾರ್ಡ್ ಸ್ಟ್ರೀಟಿನ ನೆಲಮಾಳಿಗೆಯಲ್ಲಿ ತಮ್ಮ ಕ್ಲಬ್ ತೆರೆದರು. ಅಲ್ಲಿಗೆ ಬರುವ ಅಮೆರಿಕನ್ ಅತಿಥಿಗಳಿಗೆ ವರ್ಷಗಟ್ಟಲೆ ಪಕ್ಕವಾದ್ಯ ನುಡಿಸಿದವರು ಟ್ರೇಸಿ.

ಹೊದಿಕೆ ಓದುವಾಗ ಎರಡು ಎಚ್ಚರಗಳು. ಆ ಕಾಲದ ಬ್ರಿಟಿಷ್ ರೆಕಾರ್ಡುಗಳ ಮೇಲಿನ ‘ಕೊಲಂಬಿಯಾ’ ಎಂಬುದು ಇಎಂಐ ಸಂಸ್ಥೆಯ ಲೇಬಲ್, ಅಮೆರಿಕದ ಕೊಲಂಬಿಯಾ ಅಲ್ಲ. ಇನ್ನೊಂದು, ‘ಲ್ಯಾನ್ಸ್‌ಡೌನ್’ ಎಂಬ ಪದ ಕಂಡರೆ ಬಿಡಬೇಡಿ. ಅದು ಲಂಡನ್ನಿನ ಹಾಲಂಡ್ ಪಾರ್ಕ್ ಭಾಗದಲ್ಲಿದ್ದ ಸ್ಟುಡಿಯೊ. ನಿರ್ಮಾಪಕ ಡೆನಿಸ್ ಪ್ರೆಸ್ಟನ್ ಅಲ್ಲಿ ಮುದ್ರಿಸಿದ ಜಾಝ್‌ನಲ್ಲಿ ಅರ್ಧವನ್ನು ಕೇಳಿದರೂ ಆ ದಶಕದ ಸಾರ ಸಿಗುತ್ತದೆ. ಟ್ರೇಸಿಯವರ ಸೂಟ್ ಕೂಡ ಅಲ್ಲಿಯದೇ.

ಜೋ ಹ್ಯಾರಿಯಟ್

ಲ್ಯಾನ್ಸ್‌ಡೌನ್ ಹಿಡಿದು ಹೋದರೆ ಸಿಗುವ ದೊಡ್ಡ ಹೆಸರು ಆಲ್ಟೊ ಸ್ಯಾಕ್ಸೊಫೋನ್ ವಾದಕ ಜೋ ಹ್ಯಾರಿಯಟ್. ಈ ಟಿಪ್ಪಣಿಯಲ್ಲಿ ಒಬ್ಬರನ್ನೇ ನೆನಪಿಟ್ಟುಕೊಳ್ಳುವುದಾದರೆ ಇವರನ್ನು ಇಟ್ಟುಕೊಳ್ಳಿ. ಹುಟ್ಟಿದ್ದು 1928ರಲ್ಲಿ ಜಮೈಕಾದ ಕಿಂಗ್‌ಸ್ಟನ್ನಿನಲ್ಲಿ. ಕಲಿತದ್ದು ಕ್ಯಾಥೊಲಿಕ್ ಸನ್ಯಾಸಿನಿಯರು ನಡೆಸುತ್ತಿದ್ದ ಆಲ್ಫಾ ಬಾಲಕರ ಶಾಲೆಯ ಬ್ಯಾಂಡಿನಲ್ಲಿ. 1951ರಲ್ಲಿ ಬ್ರಿಟನ್ನಿಗೆ ಬಂದರು. ದೀರ್ಘಕಾಲ ಆಸ್ಪತ್ರೆಯಲ್ಲಿದ್ದಾಗ ಅವರ ತಲೆಯಲ್ಲಿ ಹೊಸ ಬಗೆಯ ಸಂಗೀತ ರೂಪುಗೊಂಡಿತು: ಮೊದಲೇ ಗೊತ್ತುಮಾಡಿದ ಕಾರ್ಡ್‌ಗಳಿಲ್ಲ, ಬಾರ್‌ಗಳ ಲೆಕ್ಕವಿಲ್ಲ, ಐವರೂ ಒಬ್ಬರನ್ನೊಬ್ಬರು ಕೇಳಿಕೊಂಡು ಮುಂದೆ ಸಾಗಬೇಕು. 1960ರಲ್ಲಿ ಮುದ್ರಿಸಿದ ‘ಫ್ರೀ ಫಾರ್ಮ್’ ಆಲ್ಬಂನಲ್ಲಿ ಅದು ಕೇಳಸಿಗುತ್ತದೆ. ಅದೇ ವರ್ಷದ ಕೊನೆಯಲ್ಲಿ ನ್ಯೂಯಾರ್ಕಿನಲ್ಲಿ ಅಮೆರಿಕದ ಸ್ಯಾಕ್ಸೊಫೋನ್ ವಾದಕ ಆರ್ನೆಟ್ ಕೋಲ್ಮನ್ ತಮ್ಮ ‘ಫ್ರೀ ಜಾಝ್’ ಮುದ್ರಿಸಿದರು. ಹ್ಯಾರಿಯಟ್ ಅವರನ್ನು ಕೋಲ್ಮನ್ ಅವರ ನೆರಳೆಂದು ಕರೆಯುವವರು ಇದ್ದಾರೆ. ಎರಡನ್ನೂ ಒಂದೇ ಸಂಜೆ ಕೇಳಿದರೆ ಆ ಮಾತು ಎಷ್ಟು ಅನ್ಯಾಯದ್ದೆಂದು ತಿಳಿಯುತ್ತದೆ. ಕೋಲ್ಮನ್ ಅವರದು ತುಂಬಿ ಹರಿಯುವ ಪ್ರವಾಹ. ಹ್ಯಾರಿಯಟ್ ಅವರ ತಂಡದಲ್ಲಿ ವಾದ್ಯಗಳು ತಟ್ಟನೆ ನಿಲ್ಲುತ್ತವೆ, ಒಬ್ಬರೇ ಉಳಿಯುತ್ತಾರೆ, ಮತ್ತೊಬ್ಬರು ಬಂದು ಮಾತು ಸೇರಿಸುತ್ತಾರೆ. ‘ಫ್ರೀ ಫಾರ್ಮ್’ ಕಠಿಣವೆನಿಸಿದರೆ ‘ಆಬ್‌ಸ್ಟ್ರಾಕ್ಟ್’ ಕೇಳಿ. ಅಮೆರಿಕದ ‘ಡೌನ್‌ಬೀಟ್’ ಪತ್ರಿಕೆ ಅದಕ್ಕೆ ಐದಕ್ಕೆ ಐದು ನಕ್ಷತ್ರ ಕೊಟ್ಟಿತ್ತು.

ಈ ತಂಡದ ಬೇಸ್ ವಾದಕ ಕೋಲ್‌ರಿಜ್ ಗುಡ್ ಅವರ ಹೆಸರನ್ನು ಅಡಿಗೆರೆ ಹಾಕಿ ಬರೆದುಕೊಳ್ಳಿ. ಅವರೂ ಜಮೈಕಾದವರು. ಗ್ಲಾಸ್ಗೋಗೆ ಬಂದದ್ದು ಎಂಜಿನಿಯರಿಂಗ್ ಓದಲು, ಉಳಿದದ್ದು ಸಂಗೀತಕ್ಕೆ. 1946ರಲ್ಲಿ ಲಂಡನ್ನಿನಲ್ಲಿ ಗಿಟಾರ್ ವಾದಕ ಜ್ಯಾಂಗೊ ರೈನ್‌ಹಾರ್ಟ್ ಮತ್ತು ಪಿಟೀಲು ವಾದಕ ಸ್ಟೆಫಾನ್ ಗ್ರಾಪೆಲ್ಲಿ ಜೊತೆ ನುಡಿಸಿದವರು, 1960ರಲ್ಲಿ ಹ್ಯಾರಿಯಟ್ ಜೊತೆ ಯಾರೂ ತುಳಿಯದ ದಾರಿಗೂ ಇಳಿದರು. ಬೇಸ್ ಅನ್ನು ಕಮಾನಿನಿಂದ ಉಜ್ಜುತ್ತ ಅದೇ ಸ್ವರಗಳನ್ನು ಬಾಯಲ್ಲಿ ಗುನುಗುವುದು ಅವರ ವಿಶೇಷ. ತಂತಿಯ ಧ್ವನಿ ಎಲ್ಲಿ ಮುಗಿಯಿತು, ಕಂಠ ಎಲ್ಲಿ ಮೊದಲಾಯಿತು ಎಂದು ಒಮ್ಮೊಮ್ಮೆ ತಿಳಿಯುವುದೇ ಇಲ್ಲ. ನೂರು ವರ್ಷ ಬಾಳಿ 2015ರಲ್ಲಿ ತೀರಿಕೊಂಡರು. ಟ್ರಂಪೆಟ್ ವಾದಕ ಶೇಕ್ ಕೀನ್ ಸೇಂಟ್ ವಿನ್ಸೆಂಟ್ ದ್ವೀಪದ ಕವಿ. ಶೇಕ್ಸ್‌ಪಿಯರ್ ಹೆಸರಿನ ಮೊದಲ ಭಾಗವೇ ಅವರ ಅಡ್ಡಹೆಸರು.

ಇನ್ನು ಕಲ್ಕತ್ತದ ಜಾನ್ ಮೇಯರ್. 1930ರಲ್ಲಿ ಹುಟ್ಟಿದ ಪಿಟೀಲು ವಾದಕ, 1952ರಲ್ಲಿ ಲಂಡನ್ನಿನ ರಾಯಲ್ ಅಕಾಡೆಮಿಗೆ ಓದಲು ಬಂದವರು. ಹ್ಯಾರಿಯಟ್ ಅವರ ಐವರ ಎದುರಿಗೆ ಮೇಯರ್ ತಮ್ಮ ಐವರನ್ನು ಕೂರಿಸಿದರು: ಪಿಟೀಲು, ಕೊಳಲು, ಸಿತಾರ್, ತಂಬೂರಿ, ತಬಲಾ. ಹೀಗೆ ಬಂದದ್ದು 1966ರ ‘ಇಂಡೋ-ಜಾಝ್ ಸೂಟ್’. ಅದರ ನಾಲ್ಕು ರಚನೆಗಳಲ್ಲಿ ಎರಡರ ಹೆಸರೇ ರಾಗದ್ದು, ಮೇಘ ಮತ್ತು ಗೌಡ ಸಾರಂಗ. ಮೇಘದ ಸ್ವರಗಳು ನಮ್ಮ ಮಧ್ಯಮಾವತಿಯವೇ. ಕಚೇರಿಯ ಕೊನೆಗೆ ಮಂಗಳಕ್ಕೆಂದು ಕೇಳಿ ಕಿವಿಯಲ್ಲಿ ಕೂತಿರುವ ಆ ಐದು ಸ್ವರಗಳ ದಾರಿಯಲ್ಲಿ ಆಲ್ಟೊ ಸ್ಯಾಕ್ಸೊಫೋನ್ ನಡೆದು ಬರುವುದನ್ನು ಕೇಳುವಾಗ ನನಗೆ ಈಗಲೂ ಮೈ ನವಿರೇಳುತ್ತದೆ. ಕೊರತೆಯೂ ಇದೆ, ಮುಚ್ಚಿಡಬಾರದು. ಮೇಯರ್ ಬಹುಪಾಲನ್ನು ಬರೆದೇ ಕೊಟ್ಟಿದ್ದಾರೆ. ರಾಗ ಇಲ್ಲಿ ನಿಧಾನವಾಗಿ ಅರಳುವುದಿಲ್ಲ, ಸ್ವರಶ್ರೇಣಿಯಾಗಿ ಬಳಕೆಯಾಗುತ್ತದೆ. ಗಮಕಕ್ಕೆ ಕಾದು ಕುಳಿತರೆ ನಿರಾಸೆಯಾಗುತ್ತದೆ. ಮರುವರ್ಷದ ‘ಇಂಡೋ-ಜಾಝ್ ಫ್ಯೂಷನ್ಸ್’ನಲ್ಲಿ ಕೀನ್ ಮತ್ತು ಗುಡ್ ಇರುವುದರಿಂದ ಎರಡು ಬಣಗಳು ಇನ್ನಷ್ಟು ಹತ್ತಿರ ಬಂದಂತೆ ಕೇಳಿಸುತ್ತದೆ. ಎರಡರಲ್ಲಿ ಒಂದನ್ನೇ ಕೊಳ್ಳುವವರಿಗೆ ನನ್ನ ಸಲಹೆ ಈ ಎರಡನೆಯದು.

ಹ್ಯಾರಿಯಟ್ 1973ರಲ್ಲಿ, 44ರ ವಯಸ್ಸಿನಲ್ಲಿ, ಕೈಯಲ್ಲಿ ಕಾಸಿಲ್ಲದೆ ತೀರಿಕೊಂಡರು. ಅವರ ರೆಕಾರ್ಡುಗಳು ಅಂಗಡಿಗಳಲ್ಲಿ ಸಿಗದ ಕಾಲದಲ್ಲೂ ಹೆಸರು ಅಳಿಯದಂತೆ ಬಾಯಿಂದ ಬಾಯಿಗೆ ದಾಟಿಸಿದವರು ಅಭಿಮಾನಿಗಳು.

‘ಹಮ್ ದೋನೋ’ ತೋರಿಸುವ ಕವಲುಗಳು

1969ರ ‘ಹಮ್ ದೋನೋ’ ಎರಡು ಹೆಸರುಗಳಲ್ಲಿ ಬಂದ ಆಲ್ಬಂ: ಹ್ಯಾರಿಯಟ್ ಮತ್ತು ಗಿಟಾರ್ ವಾದಕ ಅಮಾನ್ಸಿಯೊ ಡಿಸಿಲ್ವಾ. ಡಿಸಿಲ್ವಾ ಗೋವಾ ಮೂಲದ ಕುಟುಂಬದವರು, ಹುಟ್ಟಿದ್ದು ಬೊಂಬಾಯಿಯಲ್ಲಿ. ಇಲ್ಲಿ ಪಶ್ಚಿಮ ಒಂದು ಕಡೆ, ಭಾರತ ಇನ್ನೊಂದು ಕಡೆ ಎಂದು ಕೂರಿಸುವ ಪ್ರಯತ್ನವೇ ಇಲ್ಲ. ಒಬ್ಬನ ಬೆರಳುಗಳಲ್ಲೇ ಎರಡೂ ಇವೆ. ನಾರ್ಮಾ ವಿನ್‌ಸ್ಟನ್ ಪದಗಳಿಲ್ಲದೆ ಹಾಡುತ್ತಾರೆ. ಅದು ಅಲಂಕಾರಕ್ಕೆ ಸೇರಿಸಿದ ದನಿಯಲ್ಲ; ಸ್ಯಾಕ್ಸೊಫೋನ್, ಟ್ರಂಪೆಟ್ ಜೊತೆ ಸರಿಸಮನಾಗಿ ಸಾಗುವ ಮೂರನೆಯ ವಾದ್ಯ. ನಮ್ಮ ಅಕಾರದ ಆಲಾಪನೆ ಬಲ್ಲವರು ಇದನ್ನು ತಕ್ಷಣ ಗುರುತಿಸುತ್ತಾರೆ.

ಈ ಹೊದಿಕೆಯಿಂದ ಎರಡು ದಾರಿ ಒಡೆಯುತ್ತವೆ. ಟ್ರಂಪೆಟ್ ಊದಿದ ಇಯಾನ್ ಕಾರ್ ಅವರನ್ನು ಹಿಡಿದರೆ ಸ್ಯಾಕ್ಸೊಫೋನ್ ವಾದಕ ಡಾನ್ ರೆಂಡೆಲ್ ಜೊತೆ ಅವರು ನಡೆಸಿದ ಐವರ ತಂಡ ಸಿಗುತ್ತದೆ. ಅವರ 1966ರ ‘ಡಸ್ಕ್ ಫೈರ್’ ಮೋಡಲ್ ಜಾಝ್ ಕಲಿಯಲು ನಾನು ಬಲ್ಲ ಅತ್ಯುತ್ತಮ ಪಾಠ. ವಿನ್‌ಸ್ಟನ್ ಅವರನ್ನು ಹಿಡಿದರೆ 1977ರ ‘ಅಜಿಮತ್’, ಅಲ್ಲಿಂದ ಟ್ರಂಪೆಟ್ ವಾದಕ ಕೆನಿ ವೀಲರ್.

ವೀಲರ್ ಹುಟ್ಟಿದ್ದು ಟೊರಾಂಟೊದಲ್ಲಿ, 1952ರಿಂದ ಲಂಡನ್ನಿನವರು, ಮಿತಭಾಷಿ. ಹಲ್ಲಿನ ತೊಂದರೆಯಿಂದ ಟ್ರಂಪೆಟ್ ಊದಲಾಗದೆ ಕೂತಿದ್ದಾಗ ವಾದ್ಯವೃಂದದ ಯಜಮಾನ ಜಾನ್ ಡ್ಯಾಂಕ್‌ವರ್ತ್ ಅವರಿಗೆ ಸಂಗೀತ ರಚಿಸುವ ಕೆಲಸ ಕೊಟ್ಟರು. ಹಾಗೆ ಹುಟ್ಟಿದ್ದು ಡಾನ್ ಕಿಹೋಟೆಯ ಕಥೆಯನ್ನು ಆಧರಿಸಿದ ‘ವಿಂಡ್‌ಮಿಲ್ ಟಿಲ್ಟರ್’. ಈ ಆಲ್ಬಂನ ಹೆಸರುಗಳನ್ನು ಬಿಡದೆ ಓದಿ: ಬೇಸ್ ಡೇವ್ ಹಾಲಂಡ್, ಗಿಟಾರ್ ಜಾನ್ ಮೆಕ್‌ಲಾಫ್ಲಿನ್. ಮುದ್ರಣವಾದದ್ದು 1968ರಲ್ಲಿ. ಸ್ವಲ್ಪ ದಿನಗಳಲ್ಲೇ ರಾನಿ ಸ್ಕಾಟ್ ಕ್ಲಬ್ಬಿನಲ್ಲಿ ಹಾಲಂಡ್ ಅವರನ್ನು ಕೇಳಿದ ಅಮೆರಿಕದ ಟ್ರಂಪೆಟ್ ವಾದಕ ಮೈಲ್ಸ್ ಡೇವಿಸ್ ತಮ್ಮ ತಂಡಕ್ಕೆ ಕರೆಸಿಕೊಂಡರು. ಮರುವರ್ಷ ಮೆಕ್‌ಲಾಫ್ಲಿನ್ ಕೂಡ ನ್ಯೂಯಾರ್ಕಿಗೆ ಹೋದರು. ಹೋಗುವ ಮುಂಚೆ ಲಂಡನ್ನಿನಲ್ಲಿ ಮುದ್ರಿಸಿಟ್ಟದ್ದು ‘ಎಕ್ಸ್‌ಟ್ರಾಪೊಲೇಷನ್’.

ಹಾಲಂಡ್ ಅವರ ‘ಕಾನ್ಫರೆನ್ಸ್ ಆಫ್ ದಿ ಬರ್ಡ್ಸ್’ ಹೊರಬಂದದ್ದು 1973ರಲ್ಲಿ. ಲಂಡನ್ನಿನ ಮನೆಯಲ್ಲಿ ಬೇಸಗೆಯ ನಸುಕಿಗೆ ಹಕ್ಕಿಗಳು ಒಂದೊಂದಾಗಿ ಬಂದು ದನಿಗೂಡಿಸುವುದನ್ನು ಕೇಳುತ್ತಿದ್ದ ನೆನಪೇ ಆ ಹೆಸರು. ವೀಲರ್ ಅವರ ‘ನೂ ಹೈ’ಯಲ್ಲೂ ಬೇಸ್ ಹಾಲಂಡ್ ಅವರದೇ. ಇವೆರಡರ ಲೇಬಲ್, ಮ್ಯೂನಿಕ್ಕಿನ ಇಸಿಎಂ, ನಮ್ಮನ್ನು ಬೆಂಗಳೂರಿಗೂ ಕರೆತರುತ್ತದೆ. ಅಮೆರಿಕದ ಸ್ಯಾಕ್ಸೊಫೋನ್ ವಾದಕ ಚಾರ್ಲಿ ಮರಿಯಾನೊ ಮತ್ತು ಕರ್ನಾಟಕ ಕಾಲೇಜ್ ಆಫ್ ಪರ್ಕಷನ್ ಸೇರಿ ಮಾಡಿದ ‘ಜ್ಯೋತಿ’ 1983ರಲ್ಲಿ ಬಂದದ್ದು ಅದೇ ಲೇಬಲ್ಲಿನಿಂದ. ಅದು ಬ್ರಿಟಿಷ್ ಆಲ್ಬಂ ಅಲ್ಲ, ನಿಜ. ಆದರೆ ಆರ್. ಎ. ರಮಾಮಣಿಯವರ ಕಂಠವನ್ನು ಕೇಳಿ, ಆಮೇಲೆ ‘ಇಂಡೋ-ಜಾಝ್ ಸೂಟ್’ಗೆ ಮರಳಿ ಹೋಗಿ. ಮೇಯರ್ ಅವರಲ್ಲಿ ಸಿಗದಿದ್ದ ಗಮಕ ಇಲ್ಲಿ ಎಷ್ಟು ಸಹಜವಾಗಿ ಬರುತ್ತದೆಂದು ಗೊತ್ತಾಗುತ್ತದೆ.

ಈಗಿನವರು

ಇಂದಿನ ಲಂಡನ್ ಜಾಝ್‌ಗೆ ಬಾಗಿಲು 2018ರ ‘ವಿ ಔಟ್ ಹಿಯರ್’ ಸಂಕಲನ. ಅದರ ಸಂಗೀತ ನಿರ್ದೇಶಕ ಶಬಾಕಾ ಹಚಿಂಗ್ಸ್. 2022ರವರೆಗೆ ಇದ್ದ ಅವರ ಸನ್ಸ್ ಆಫ್ ಕೆಮೆಟ್ ತಂಡದಲ್ಲಿ ಬೇಸ್ ಇರಲಿಲ್ಲ. ಆ ಕೆಲಸ ಟ್ಯೂಬಾ ಎಂಬ ದೊಡ್ಡ ಹಿತ್ತಾಳೆಯ ಊದುವ ವಾದ್ಯದ್ದಾಗಿತ್ತು, ಜೊತೆಗೆ ಎರಡು ಡ್ರಮ್ಸ್. ಈ ಪೀಳಿಗೆಯ ಅನೇಕರು ಬೆಳೆದದ್ದು ಗ್ಯಾರಿ ಕ್ರಾಸ್ಬಿ ಮತ್ತು ಜನೀನ್ ಐರನ್ಸ್ 1991ರಲ್ಲಿ ಹುಟ್ಟುಹಾಕಿದ ಟುಮಾರೋಸ್ ವಾರಿಯರ್ಸ್ ಸಂಸ್ಥೆಯಲ್ಲಿ. ಅಲ್ಲಿ ಜೊತೆಯಾದ ಎಜ್ರಾ ಕಲೆಕ್ಟಿವ್ 2023ರಲ್ಲಿ ವರ್ಷದ ಆಲ್ಬಂಗೆ ಬ್ರಿಟನ್ನಿನಲ್ಲಿ ಕೊಡುವ ಮರ್ಕ್ಯುರಿ ಬಹುಮಾನ ಗೆದ್ದಿತು. ಜಾಝ್ ತಂಡವೊಂದಕ್ಕೆ ಆ ಬಹುಮಾನ ಬಂದದ್ದು ಅದೇ ಮೊದಲು. ಅಹಮದಾಬಾದ್ ಮತ್ತು ಚೆನ್ನೈಗಳಲ್ಲಿ ಬೆಳೆದು ಲಂಡನ್ನಿನಲ್ಲಿ ನೆಲೆಸಿದ ಸಾರಥಿ ಕೊರ್ವಾರ್ ಅವರ ‘ಡೇ ಟು ಡೇ’ ಕೂಡ ಇಲ್ಲೇ ಕೇಳಬೇಕಾದದ್ದು. ಗುಜರಾತಿನ ಸಿದ್ದಿ ಸಮುದಾಯದವರ ಹಾಡು, ತಾಳಗಳನ್ನು ಅವರ ನಡುವೆಯೇ ಮುದ್ರಿಸಿಕೊಂಡು ಅದರ ಸುತ್ತ ಜಾಝ್ ಕಟ್ಟಿದ್ದಾರೆ. ಯಲ್ಲಾಪುರ, ಹಳಿಯಾಳದ ಸಿದ್ದಿಯರ ಡಮಾಮಿ ಕೇಳಿದವರು ಇದನ್ನು ಕುತೂಹಲದಿಂದ ಕೇಳುತ್ತಾರೆ.

ನಾನು ಸದ್ಯ ಹಿಡಿದಿರುವ ಎಳೆ ಆ ಟ್ಯೂಬಾ ವಾದಕ ಥಿಯಾನ್ ಕ್ರಾಸ್ ಅವರದು. ಅವರ 2019ರ ‘ಫಯಾ’ದಲ್ಲಿ ನುಬಿಯಾ ಗಾರ್ಸಿಯಾ ಸ್ಯಾಕ್ಸೊಫೋನ್, ಮೋಸಸ್ ಬಾಯ್ಡ್ ಡ್ರಮ್ಸ್. ಬಾಯ್ಡ್ ಅವರ ಹೆಸರು ಹಿಡಿದು ಬಿಂಕರ್ ಗೋಲ್ಡಿಂಗ್ ಜೊತೆಗಿನ 2015ರ ‘ಡೆಮ್ ಒನ್ಸ್’ಗೆ ಬಂದಿದ್ದೇನೆ. ಅದರಲ್ಲಿ ಇರುವುದು ಟೆನರ್ ಸ್ಯಾಕ್ಸೊಫೋನ್ ಮತ್ತು ಡ್ರಮ್ಸ್ ಮಾತ್ರ. ಬೇಸ್ ಇಲ್ಲ, ಪಿಯಾನೊ ಇಲ್ಲ. ಎರಡು ಸಲ ಕೇಳಿ ಆಗಿದೆ, ಇಂದು ರಾತ್ರಿ ಮೂರನೆಯದು.