ಚರ್ಚಿನ ಪ್ರವಾಸಕ್ಕೆ ಹಿರಿಯರೂ ಬರಬೇಕು ಅಂದ್ರೆ ಎಲ್ಲಿಗೆ ಹೋಗಬೇಕು?

ಪ್ರಶ್ನೆ: ನಮ್ಮದು ಹುಬ್ಬಳ್ಳಿಯ ಒಂದು ಚರ್ಚ್. ವರ್ಷಕ್ಕೊಮ್ಮೆ ಸಭೆಯ ಪ್ರವಾಸ ಇರುತ್ತದೆ. ಯೂತ್‌ನವರು ದಾಂಡೇಲಿ, ಗೋವಾ ಅಂತಾರೆ. ವಯಸ್ಸಾದವರು "ನಮ್ಮಿಂದ ಆಗಲ್ಲ, ನೀವು ಹೋಗಿ ಬರ್ರಿ" ಅಂದುಬಿಡುತ್ತಾರೆ. ಕೊನೆಗೆ ಬಸ್ಸಿನಲ್ಲಿ ಪ್ರತಿ ಸಲವೂ ಅದೇ ಮುಖಗಳು. ಎಲ್ಲರೂ ಬರುವ ಹಾಗೆ ಮಾಡೋದು ಹೇಗೆ?

ಉತ್ತರ: ಮೊದಲು ದೂರ ಕಡಿಮೆ ಮಾಡಿ. ನಸುಕಿನಲ್ಲಿ ಬಸ್ ಹತ್ತಿ ನಡುರಾತ್ರಿ ಇಳಿಯುವ ಪ್ರವಾಸಕ್ಕೆ ಮೊಣಕಾಲು ನೋವಿನ ಅಜ್ಜಿ ಬರಲ್ಲ, ಕೈಕೂಸಿನ ತಾಯಿಯೂ ಬರಲ್ಲ. ಯೂತ್‌ನವರು ದಾಂಡೇಲಿಗೆ ಬೇಕಾದರೆ ಬೇರೆ ದಿನ ಹೋಗಲಿ. ಆದರೆ ಅದನ್ನು ಸಭೆಯ ಪ್ರವಾಸ ಅಂತ ಕರೆಯಬೇಡಿ.

"ಆಗಲ್ಲ" ಅನ್ನೋದರ ಹಿಂದೆ ಹೆಚ್ಚಾಗಿ ಎರಡು ಚಿಂತೆ ಇರುತ್ತವೆ. ದಾರಿಯಲ್ಲಿ ಶೌಚಾಲಯ ಸಿಗುತ್ತೋ ಇಲ್ಲವೋ ಅನ್ನೋದು ಒಂದು. ಇನ್ನೊಂದು ದುಡ್ಡು. ಎರಡನ್ನೂ ಯಾರೂ ಬಾಯಿಬಿಟ್ಟು ಹೇಳಲ್ಲ. ಹಾಗಾಗಿ ಕಮಿಟಿಯಲ್ಲಿ ಇಬ್ಬರು ಮೊದಲೇ ಹೋಗಿ ಜಾಗ ನೋಡಿ ಬರಲಿ. ಅದರಲ್ಲಿ ಒಬ್ಬರು ಹೆಣ್ಣುಮಕ್ಕಳು ಇರಲೇಬೇಕು. ಗಂಡಸರು ನೋಡಿ ಬಂದು "ಎಲ್ಲಾ ಛಲೋ ಐತಿ" ಅನ್ನೋ ಶೌಚಾಲಯದ ಕಥೆ ನಮಗೆ ಗೊತ್ತಿದ್ದದ್ದೇ ಅಲ್ವಾ!

ನನ್ನನ್ನು ಕೇಳಿದರೆ ಮೊದಲ ಆಯ್ಕೆ ಶಿಗ್ಗಾಂವಿ ಹತ್ತಿರ ಗೊಟಗೋಡಿಯ ಉತ್ಸವ ರಾಕ್ ಗಾರ್ಡನ್. ಪುಣೆ-ಬೆಂಗಳೂರು ಹೆದ್ದಾರಿಯ ಪಕ್ಕದಲ್ಲೇ ಇದೆ, ಹುಬ್ಬಳ್ಳಿಯಿಂದ ಹೆಚ್ಚುಕಡಿಮೆ ಒಂದು ತಾಸಿನ ದಾರಿ. ಕಲಾವಿದ ಟಿ.ಬಿ. ಸೊಲಬಕ್ಕನವರ ಕಟ್ಟಿದ ಈ ತೋಟದಲ್ಲಿ ಹಳೇ ಕಾಲದ ಹಳ್ಳಿಯೇ ಆಳೆತ್ತರದ ಶಿಲ್ಪಗಳಾಗಿ ನಿಂತಿದೆ. ಕಮ್ಮಾರ ಇದ್ದಾನೆ, ಕುಂಬಾರ ಇದ್ದಾನೆ, ದನಕರು ಇವೆ. ಇಲ್ಲಿ ಮೊಮ್ಮಕ್ಕಳಿಗೆ ಏನೂ ಗೊತ್ತಿರಲ್ಲ, ಅಜ್ಜ-ಅಜ್ಜಿಗೆ ಎಲ್ಲಾ ಗೊತ್ತಿರುತ್ತದೆ. ತಿದಿ ಒತ್ತೋದು ಹೇಗೆ, ಅದನ್ನು ಮನೆಯಲ್ಲಿ ಯಾರು ಒತ್ತುತ್ತಿದ್ದರು, ಕಮ್ಮಾರನ ಹತ್ತಿರ ನೇಗಿಲಿನ ಕುಡ ಬಡಿಸೋಕೆ ಎಷ್ಟು ಜೋಳ ಕೊಡಬೇಕಿತ್ತು ಅಂತ ಮಾತು ಶುರುವಾದರೆ ಬೇರೆ ಗೈಡ್ ಬೇಕಾಗಲ್ಲ. ಹಿರಿಯರನ್ನು ಸುಮ್ನೆ ನೆರಳಲ್ಲಿ ಕೂರಿಸಿ ಬ್ಯಾಗು ಕಾಯೋಕೆ ಹಚ್ಚುವ ಪ್ರವಾಸ ಇದಲ್ಲ. ಸಂಡೇ ಸ್ಕೂಲ್ ಮಕ್ಕಳನ್ನು ನಾಲ್ಕೈದು ಜನರ ಗುಂಪು ಮಾಡಿ, ಒಂದೊಂದು ಗುಂಪಿಗೆ ಒಬ್ಬ ಹಿರಿಯರನ್ನು ಕೊಟ್ಟುಬಿಡಿ. ಸ್ವಂತ ಅಜ್ಜ-ಅಜ್ಜಿ ಬೇಡ, ಬೇರೆ ಮನೆಯವರಾದರೆ ಒಳ್ಳೇದು.

ಎರಡನೆಯದು ಗದಗ ಕಡೆ, ಸುಮಾರು 60 ಕಿ.ಮೀ. ಸ್ವಿಟ್ಜರ್ಲೆಂಡ್‌ನ ಕ್ರೈಸ್ತ ಮಿಶನರಿ ಸಂಸ್ಥೆ ಬಾಸೆಲ್ ಮಿಶನ್‌ನವರು ಧಾರವಾಡಕ್ಕೆ 1837ರಲ್ಲಿ, ಹುಬ್ಬಳ್ಳಿಗೆ 1839ರಲ್ಲಿ, ಗದಗಿಗೆ ಅಂಟಿಕೊಂಡಿರುವ ಬೆಟಗೇರಿಗೆ 1841ರಲ್ಲಿ ಬಂದರು. ಬೆಟಗೇರಿಯ ಸಭೆಯವರಿಗೆ ಮೊದಲೇ ತಿಳಿಸಿ, ಅವರ ಜೊತೆ ಬೆಳಗಿನ ಆರಾಧನೆಗೆ ಕೂತು, ಆಮೇಲೆ ಬಿಂಕದಕಟ್ಟಿಯ ಪ್ರಾಣಿ ಸಂಗ್ರಹಾಲಯಕ್ಕೆ ಹೋಗಬಹುದು. ಹೀಗೆ ಮಾಡಿದರೆ ಭಾನುವಾರದ ಆರಾಧನೆ ತಪ್ಪಿಸಬೇಕಾಗಲ್ಲ. ಚಳಿಗಾಲವಾದರೆ ಗದಗ ಜಿಲ್ಲೆಯದೇ ಆದ ಮಾಗಡಿ ಕೆರೆಯನ್ನು ಬಿಡಬೇಡಿ. ಹಿಮಾಲಯ ದಾಟಿ ಬರುವ ಪಟ್ಟೆತಲೆ ಹೆಬ್ಬಾತುಗಳು ಅಲ್ಲಿ ಹಿಂಡುಗಟ್ಟಲೆ ಇರುತ್ತವೆ. 2024ರಲ್ಲಿ ಆ ಕೆರೆ ಜಗತ್ತಿನ ಮುಖ್ಯ ಜೌಗು ಪ್ರದೇಶಗಳ ರಾಮ್ಸಾರ್ ಪಟ್ಟಿಗೂ ಸೇರಿತು. ಮೈಕು, ತಮಟೆ ಮಾತ್ರ ಬಸ್ಸಿನಲ್ಲೇ ಇರಲಿ. ಲಕ್ಕುಂಡಿಯೂ ಹತ್ತಿರವೇ, ಆದರೆ ಒಂದೇ ದಿನಕ್ಕೆ ಎಲ್ಲವನ್ನೂ ತುರುಕಬೇಡಿ.

ಯಾವಾಗ ಹೋಗೋದು? ಈಸ್ಟರ್ ಮರುದಿನ ಪಿಕ್‌ನಿಕ್ ಮಾಡುವ ರೂಢಿ ಎಷ್ಟೋ ಕಡೆ ಇದೆ. ಈಸ್ಟರ್ ಬರೋದು ಮಾರ್ಚ್ 22ರಿಂದ ಏಪ್ರಿಲ್ 25ರ ಒಳಗೆ. ಆ ಹೊತ್ತಿಗೆ ನಮ್ಮ ಕಡೆ ಬಿಸಿಲು ಕಾದ ಹೆಂಚು. ಜನವರಿಯೇ ಛಲೋ. ಕ್ರಿಸ್ಮಸ್ ಗದ್ದಲ ಮುಗಿದಿರುತ್ತದೆ, ಈಸ್ಟರ್‌ಗೆ ಮುಂಚಿನ ಉಪವಾಸದ ಕಾಲವಾದ ಲೆಂಟ್ ಶುರುವಾಗಿರಲ್ಲ, ಮಕ್ಕಳ ಪರೀಕ್ಷೆಗೂ ಟೈಮ್ ಇರುತ್ತದೆ.

ಊಟದ ವಿಷಯದಲ್ಲಿ ನಂದೊಂದು ಹಟ. ಅವತ್ತು ಸ್ತ್ರೀಯರ ಸಂಘದವರಿಗೆ ಅಡುಗೆ ಹಚ್ಚಬೇಡಿ. ರಾತ್ರಿಯೆಲ್ಲಾ ಪಲಾವ್‌ಗೆ ಉಳ್ಳಾಗಡ್ಡಿ ಹೆಚ್ಚಿದವರು ಬಸ್ಸಿನಲ್ಲಿ ನಿದ್ದೆ ಮಾಡದೆ ಇನ್ನೇನು ಮಾಡ್ತಾರೆ? ಖಾನಾವಳಿಯಿಂದ ಖಡಕ್ ರೊಟ್ಟಿ, ಶೇಂಗಾ ಚಟ್ನಿ, ಎಣ್ಣೆಗಾಯಿ ಕಟ್ಟಿಸಿಕೊಳ್ಳಿ. ಮೊಸರು ಮನೆಯಿಂದ ತರಲಿ. ಬಡಿಸೋದು, ತೆಗೆಯೋದು ಯೂತ್‌ನವರ ಕೆಲಸ.

ಇನ್ನು ದುಡ್ಡು. ವಾಯವ್ಯ ಸಾರಿಗೆಯ ಬಸ್ಸೂ ಬಾಡಿಗೆಗೆ ಸಿಗುತ್ತದೆ, ಡಿಪೋದಲ್ಲಿ ವಿಚಾರಿಸಿ. ಬಾಡಿಗೆ ಬಸ್ಸಿಗೆ ಶಕ್ತಿ ಯೋಜನೆ ನಡೆಯಲ್ಲ. ಆದರೆ ಸ್ತ್ರೀಯರ ಸಂಘದವರಷ್ಟೇ ಗದಗಿಗೆ ಹೋಗಿ ಬರೋದಾದರೆ ಆಧಾರ್ ಕಾರ್ಡ್ ಹಿಡಿದು ಸಾಮಾನ್ಯ ಬಸ್ ಹತ್ತಿದರೆ ಆಯ್ತು, ಟಿಕೆಟ್ ಖರ್ಚಿಲ್ಲ. ಎಲ್ಲರೂ ಹೋಗುವಾಗ ತಲೆಗಿಷ್ಟು ಅಂತ ವಸೂಲಿ ಮಾಡಿದರೆ ಐದು ಜನರ ಮನೆಯವರು ಮೊದಲು ಹಿಂದೆ ಸರಿಯುತ್ತಾರೆ. ಅದರ ಬದಲು ಮನೆಗೊಂದು ಖಾಲಿ ಕವರ್ ಕೊಡಿ, ಹೆಸರು ಬರೆಯೋದು ಬೇಡ. ಖರ್ಚು ಎಷ್ಟು ಬರುತ್ತದೆ ಅಂತ ಆರಾಧನೆ ಮುಗಿದ ಮೇಲೆ ತಿಳಿಸಿ, ಆದಷ್ಟು ಹಾಕಿ ಪೆಟ್ಟಿಗೆಗೆ ಬಿಡಿ ಅನ್ನಿ. ಕಡಿಮೆ ಬಿದ್ದರೆ ಅದನ್ನು ಕಮಿಟಿಯವರು ತಮ್ಮೊಳಗೇ ಹೊಂದಿಸಲಿ. ಯಾರು ಎಷ್ಟು ಹಾಕಿದರು ಅನ್ನೋ ಲೆಕ್ಕ ಬಸ್ಸಿನ ತನಕ ಬರಬಾರದು.